‘ಮನೆಗೆ ಯಾರು ಬರ್ತಾರೆ?’

ಮಲಪ್ಪುರಂ ಜಿಲ್ಲೆಯ ಮಂಜೇರಿಗೆ ವರ್ಗವಾಗಿ ಬಂದು ಮೂರು ತಿಂಗಳಾಗಿತ್ತು. ಊರಲ್ಲಿ ಅಪ್ಪನಿಗೆ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದಾರೆ ಅಂತ ಬ್ಯಾಂಕಿನ ಎದುರಿನ ಚಹಾದಂಗಡಿಯ ಇಕ್ಕನ (ಇಲ್ಲಿ ಮುಸ್ಲಿಮರು ಅಣ್ಣನನ್ನು ಕರೆಯುವುದು ಹಾಗೆ) ಹತ್ತಿರ ಹೇಳಿಕೊಂಡೆ. ಅವರು ಅಯ್ಯೋ ಅನ್ನಲಿಲ್ಲ, ಯಾವ ಆಸ್ಪತ್ರೆ ಅಂತಲೂ ಕೇಳಲಿಲ್ಲ. ‘ಮನೆಗೆ ಯಾರು ಬರ್ತಾರೆ?’ ಅಂದರು. ನೆಂಟರಿಷ್ಟರು ಬಂದು ಹೋಗ್ತಾರೆ, ಹಾರ್ಲಿಕ್ಸು, ಮೂಸಂಬಿ ತರ್ತಾರೆ ಅಂದೆ ನನ್ನ ಹರಕು ಮಲಯಾಳದಲ್ಲಿ. ‘ಅದಲ್ಲ ಸಾರ್, ಪಾಲಿಯೇಟಿವ್‌ನವರು?’ ಅಂದರು ಇಕ್ಕ. ಹಾಗಂದರೇನು ಅಂತ ಕೇಳಿದೆ. ಹಾಸಿಗೆ ಹಿಡಿದವರ ನೋವು ಕಡಿಮೆ ಮಾಡಲು, ಆರೈಕೆ ಮಾಡಲು ಮನೆಗೇ ಬರುವವರು ಅಂದರು. ಅವರು ನನ್ನನ್ನು ನೋಡಿದ ನೋಟ ಇವತ್ತಿಗೂ ಚುಚ್ಚುತ್ತದೆ.

ಮುಂದಿನ ಭಾನುವಾರ ಅವರೇ ಜೀಪು ಹತ್ತಿಸಿದರು. ಒಬ್ಬ ನರ್ಸು, ಒಬ್ಬ ಆಟೊ ಓಡಿಸುವವನು, ಒಬ್ಬರು ನಿವೃತ್ತ ಮೇಷ್ಟ್ರು, ಜೊತೆಗೆ ನಾನು. ಎರಡನೇ ಮನೆಯಲ್ಲಿ ಅಪ್ಪನ ವಯಸ್ಸಿನವರೇ ಒಬ್ಬರು ಮಲಗಿದ್ದರು. ನರ್ಸು ಬೆನ್ನಿನ ಹುಣ್ಣು ತೊಳೆದು ಬಟ್ಟೆ ಕಟ್ಟುವಷ್ಟು ಹೊತ್ತೂ ಆಟೊದವನು ಅವರನ್ನು ಮಗ್ಗುಲಿಗೆ ಹಿಡಿದುಕೊಂಡೇ ಇದ್ದ. ಮೇಷ್ಟ್ರು ಅಡುಗೆಮನೆ ಬಾಗಿಲಲ್ಲಿ ನಿಂತು ಹೆಂಗಸನ್ನು ಮಾತಾಡಿಸುತ್ತಿದ್ದರು. ಅಕ್ಕಿ ಇದೆಯಾ, ಮಗಳು ಶಾಲೆಗೆ ಹೋಗ್ತಿದ್ದಾಳಾ, ನೀವು ರಾತ್ರಿ ನಿದ್ದೆ ಮಾಡ್ತೀರಾ? ಕೊನೆಯ ಪ್ರಶ್ನೆಗೆ ಆಕೆ ಅತ್ತರು. ಊರಲ್ಲಿ ಅಪ್ಪನನ್ನು ನೋಡಿಕೊಳ್ಳುತ್ತಿದ್ದ ನನ್ನ ಅತ್ತಿಗೆಯನ್ನು ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಗಾಳಿ ಹಾಸಿಗೆ, ಗಾಲಿಕುರ್ಚಿ, ವಾಕರ್ ಎಲ್ಲ ಅಲ್ಲಿ ಎರವಲು. ಒಬ್ಬರು ತೀರಿಕೊಂಡರೆ ತೊಳೆದು ಇನ್ನೊಂದು ಮನೆಗೆ. ದುಡ್ಡಿಗೆ ಅಂಗಡಿ ಅಂಗಡಿಯಲ್ಲಿ ಡಬ್ಬಿ. ಚಹಾದ ಚಿಲ್ಲರೆ ಅದಕ್ಕೆ ಬೀಳುತ್ತದೆ.

ಇದು ಸರ್ಕಾರದ ಆದೇಶದಿಂದ ಹುಟ್ಟಿದ್ದಲ್ಲ. 1993ರಲ್ಲಿ ಕೋಯಿಕ್ಕೋಡಿನ ಮೆಡಿಕಲ್ ಕಾಲೇಜಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮುಂತಾದವರು ನೋವು ಶಮನಕ್ಕೆ ಒಂದು ಸೊಸೈಟಿ ಶುರುಮಾಡಿದರು. ಆದರೆ ಎದ್ದು ಬರಲಾಗದವರು ಆಸ್ಪತ್ರೆಗೆ ಬರುವುದು ಹೇಗೆ? ಮಲಪ್ಪುರಂ ಕಡೆಯ ಸಾಮಾನ್ಯ ಜನ ತರಬೇತಿ ಪಡೆದು, ಊರೂರಲ್ಲಿ ಗುಂಪು ಕಟ್ಟಿ, ತಾವೇ ಮನೆಗಳಿಗೆ ಹೊರಟರು. ಕೇರಳ ಸರ್ಕಾರ ಇದಕ್ಕೊಂದು ನೀತಿ ಮಾಡಿದ್ದು 2008ರಲ್ಲಿ, ಜನ ನಡೆದು ದಾರಿ ಸವೆದ ಮೇಲೆ. ಈಗ ಪಂಚಾಯಿತಿಗಳೂ ನರ್ಸುಗಳನ್ನು ಇಟ್ಟುಕೊಂಡಿವೆ.

ನಮ್ಮಲ್ಲಿ ಎಲ್ಲ ಉಲ್ಟಾ. ಮೊದಲು ಅರ್ಜಿ, ಆಮೇಲೆ ಕಟ್ಟಡ, ಟೇಪು, ಹಾರ, ಕೊನೆಗೆ ಬೀಗ. ಅರಸೀಕೆರೆ ಕಡೆಯ ನಮ್ಮೂರಿನಲ್ಲಿ ಗ್ರಾಮ ಆರೋಗ್ಯ ಸಮಿತಿ ಅಂತ ಒಂದಿದೆ. ನಮ್ಮಣ್ಣ ಅದರ ಸದಸ್ಯ. ಅದು ಅವನಿಗೆ ಗೊತ್ತಾಗಿದ್ದು ಪುಸ್ತಕಕ್ಕೆ ಸಹಿ ಹಾಕು ಅಂತ ಮನೆಗೆ ತಂದಾಗ! ಹಾಗಂತ ನಮ್ಮ ಜನಕ್ಕೆ ಸಂಘಟನೆ ಬರುವುದಿಲ್ಲವೇ? ಜಾತ್ರೆಗೆ, ಗಣಪತಿಗೆ, ರಾಜ್ಯೋತ್ಸವಕ್ಕೆ, ಟೆನಿಸ್ ಬಾಲ್ ಟೂರ್ನಮೆಂಟಿಗೆ ರಸೀದಿ ಪುಸ್ತಕ ಹಿಡಿದು ಹೊರಟರೆ ಒಂದು ಮನೆಯನ್ನೂ ಬಿಡುವುದಿಲ್ಲ. ತೇರಿಗೆ ಹಗ್ಗ ಎಳೆಯಲು ನೂರು ಜನ, ಹಾಸಿಗೆ ಹಿಡಿದವನನ್ನು ಮಗ್ಗುಲಿಗೆ ತಿರುಗಿಸಲು ಅತ್ತಿಗೆ ಒಬ್ಬಳೇ.

ರಜೆಗೆ ಹೋದಾಗ ಜಾತ್ರೆ ಲೆಕ್ಕದ ಸಭೆಯಲ್ಲಿ ಎದ್ದು ನಿಂತು ಹೇಳಿಯೇಬಿಟ್ಟೆ. ಉಳಿದ ದುಡ್ಡಲ್ಲಿ ಎರಡು ಗಾಳಿ ಹಾಸಿಗೆ ತರೋಣ, ಆಶಾ ಕಾರ್ಯಕರ್ತೆ ಜೊತೆ ವಾರಕ್ಕೊಮ್ಮೆ ನಾಲ್ಕು ಮನೆಗೆ ಹೋಗೋಣ ಅಂತ. ‘108 ಇದೆಯಲ್ಲಪ್ಪಾ’ ಅಂದರು ಒಬ್ಬರು. ‘ಎಮ್ಮೆಲ್ಲೆ ಹತ್ರ ಹೋಗೋಣ’ ಅಂದರು ಇನ್ನೊಬ್ಬರು. ಚಿಕ್ಕಪ್ಪ ಮಾತ್ರ ಹೊರಗೆ ಬಂದ ಮೇಲೆ ಮೆಲ್ಲಗೆ ಅಂದರು: ‘ಕಂಡೋರ ಮನೆ ಒಳಕೋಣೆಗೆ ಹೋಗಿ ನಿಂತ್ಕೊಳ್ಳಕ್ಕಾಗ್ತದೇನೋ? ಅವರ ಮರ್ಯಾದೆ ಏನಾಗ್ಬೇಕು?’ ಸಿಟ್ಟಿನಲ್ಲಿ ನಾನು ಆ ರಾತ್ರಿ ಊಟ ಬಿಟ್ಟೆ. ಅದರಿಂದ ತೊಂದರೆಯಾದದ್ದು ಮತ್ತೆ ಅತ್ತಿಗೆಗೇ ಅನ್ನಿ.

ಇಲ್ಲಿನ ಸಹೋದ್ಯೋಗಿಗಳ ಮುಂದೆ ಊರನ್ನು ಬೈದದ್ದು ಹೆಚ್ಚಾಯಿತೇನೋ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲೇ ಸೋಲಿಗರ ನಡುವೆ ಸಂಸ್ಥೆ ಕಟ್ಟಿ, ಅವರ ಮಕ್ಕಳನ್ನೇ ಆರೋಗ್ಯ ಕಾರ್ಯಕರ್ತರನ್ನಾಗಿ ತಯಾರು ಮಾಡಿದರು. ಅದೂ ನಮ್ಮ ನಾಡೇ. ಈ ಮಂಜೇರಿ ಕಡೆಯಲ್ಲೋ, ಮನೆಗೆ ಮನೆ ತಾಗಿಕೊಂಡಿವೆ, ಗಲ್ಫಿನ ದುಡ್ಡಿದೆ. ಇಷ್ಟೆಲ್ಲ ಇದ್ದೂ ಆಶಾ ಕಾರ್ಯಕರ್ತೆಯರು ಗೌರವಧನಕ್ಕಾಗಿ 2025ರಲ್ಲಿ ತಿರುವನಂತಪುರದ ಸೆಕ್ರೆಟೇರಿಯಟ್ ಮುಂದೆ ತಿಂಗಳುಗಟ್ಟಲೆ ಕೂತರು. ಇಕ್ಕನನ್ನು ಆ ವಿಷಯ ಕೇಳಿದೆ. ಚಹಾ ಎತ್ತಿ ಹೊಯ್ಯುತ್ತಾ ಸುಮ್ಮನಾದರು.

ಇನ್ನೊಂದು ಮಾತು, ಒಪ್ಪಿಕೊಳ್ಳಲು ಸ್ವಲ್ಪ ಕಷ್ಟ. ಅಪ್ಪ ಮಲಗಿದ್ದ ಎಂಟು ತಿಂಗಳೂ ನಮ್ಮ ಎರಡು ಹಸುಗಳ ಹಾಲು ಕರೆದು ಡೈರಿಗೆ ಹಾಕುತ್ತಿದ್ದವನು ಪಕ್ಕದ ಮನೆಯ ಹುಡುಗ. ಯಾರೂ ಹೇಳಿರಲಿಲ್ಲ. ನನಗೆ ಗೊತ್ತಾಗಿದ್ದು ತಿಥಿಯ ದಿನ. ಒಳಕೋಣೆಗೆ ಅವನು ಒಮ್ಮೆಯೂ ಬರಲಿಲ್ಲ, ಕೊಟ್ಟಿಗೆಗೆ ಒಂದು ದಿನವೂ ತಪ್ಪಿಸಲಿಲ್ಲ.

ಹೋದ ತಿಂಗಳು ಅವನ ತಾಯಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಅಪ್ಪನಿಗೆ ತಂದ ಗಾಳಿ ಹಾಸಿಗೆ ಅಟ್ಟದ ಮೇಲಿದೆ, ಕೊಟ್ಟು ಬಾ ಅಂತ ಅಣ್ಣನಿಗೆ ಫೋನು ಮಾಡಿದೆ. ‘ಸತ್ತೋರು ಮಲಗಿದ್ದ ಹಾಸಿಗೆ ಕಣೋ, ಹೆಂಗೆ ಕೊಡೋದು? ಅವರೂ ಕೇಳ್ಲಿಲ್ಲ’ ಅಂದ. ಹಿಂದಿನಿಂದ ಅತ್ತಿಗೆಯ ದನಿ ಕೇಳಿಸಿತು: ‘ನಿನ್ನೆನೇ ಕೊಟ್ಟು ಬಂದೆ.’