ಗುರುತಿನ ಚೀಟಿಯ ಮೇಲಿನ ಹಳ್ಳಿ

ಜಾಂಬಿಯಾ ದೇಶದ ಪ್ರಜೆಗಳಿಗೆ ಸರ್ಕಾರ ಕೊಡುವ ರಾಷ್ಟ್ರೀಯ ನೋಂದಣಿ ಚೀಟಿಯಲ್ಲಿ ಹೆಸರು, ಹುಟ್ಟಿದ ದಿನಾಂಕಗಳ ಜೊತೆಗೆ ಹಳ್ಳಿ, ಚೀಫ್ (ಎಂದರೆ ಆ ಸೀಮೆಯ ಬುಡಕಟ್ಟಿನ ಮುಖಂಡ) ಮತ್ತು ಜಿಲ್ಲೆ ಎಂಬ ವಿವರಗಳೂ ಇರುತ್ತವೆ. ಇಲ್ಲಿನ ತಾಮ್ರದ ಗಣಿಗಳ ಪಟ್ಟಣವಾದ ಕಿಟ್ವೆಯ ಕಾರ್ಯಾಗಾರದಲ್ಲಿ ಹನ್ನೆರಡು ವರ್ಷಗಳಿಂದ ನನ್ನೊಡನೆ ಕೆಲಸ ಮಾಡುತ್ತಿರುವ ಫೋರ್‌ಮನ್ ಒಮ್ಮೆ ಬ್ಯಾಂಕಿನ ಅರ್ಜಿ ತುಂಬುವಾಗ ತಮ್ಮ ಚೀಟಿಯನ್ನು ನನ್ನ ಮೇಜಿನ ಮೇಲೆ ಇಟ್ಟಿದ್ದರು. ಅವರು ಹುಟ್ಟಿದ್ದು ಕಿಟ್ವೆಯಲ್ಲಿ. ಅವರ ತಂದೆ ಹುಟ್ಟಿದ್ದೂ ಇದೇ ಪಟ್ಟಣದ ಗಣಿ ಕಾಲೊನಿಯಲ್ಲಿ. ಆದರೂ ಚೀಟಿಯ ಮೇಲಿದ್ದದ್ದು ನೂರಾರು ಕಿಲೋಮೀಟರ್ ಆಚೆ, ಪೂರ್ವ ಪ್ರಾಂತ್ಯದಲ್ಲಿರುವ ಒಂದು ಹಳ್ಳಿಯ ಹೆಸರು ಮತ್ತು ಅಲ್ಲಿನ ಚೀಫ್‌ನ ಹೆಸರು. ಆ ಹಳ್ಳಿಗೆ ಹೋಗಿದ್ದೀರಾ ಎಂದು ಕೇಳಿದೆ. ಒಂದು ಸಾವಿಗೆ ಹೋಗಿದ್ದೆ ಎಂದರು.

ನಾನು ಬಂಗಾರಪೇಟೆಯವನು. ನನ್ನ ತಂದೆ ಕೋಲಾರ ಚಿನ್ನದ ಗಣಿಯ ಲೆಕ್ಕಪತ್ರ ವಿಭಾಗದಲ್ಲಿದ್ದರು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದಾಗ ನಾನಿನ್ನೂ ಎಂಜಿನಿಯರಿಂಗ್ ಓದುತ್ತಿದ್ದೆ. ಹೀಗಾಗಿ ಕಿಟ್ವೆಗೆ ಬಂದ ಮೊದಲ ವಾರದಲ್ಲೇ ಊರು ಗುರುತಿನದೆನ್ನಿಸಿತು. ಕೆಜಿಎಫ್‌ನಲ್ಲಿ ಸಯನೈಡ್ ದಿಬ್ಬಗಳಿರುವಂತೆ ಇಲ್ಲಿ ತಾಮ್ರ ಕರಗಿಸಿ ಉಳಿದ ಕಿಟ್ಟದ ಕಪ್ಪು ಗುಡ್ಡವೊಂದಿದೆ. ಅಲ್ಲಿ ದೊರೆಗಳ ಬಂಗಲೆಗಳಿದ್ದ ಬೀದಿಯೂ ಕೂಲಿಗಳ ಲೈನುಗಳೂ ಬೇರೆಬೇರೆಯಾಗಿದ್ದಂತೆ ಇಲ್ಲಿಯೂ ಬಿಳಿಯರ ಬಡಾವಣೆ ಮತ್ತು ಕರಿಯರ ಕಾಂಪೌಂಡುಗಳ ನಡುವಿನ ಅಂತರ ಇಂದಿಗೂ ರಸ್ತೆಗಳ ಅಗಲದಲ್ಲಿ, ಮರಗಳ ನೆರಳಿನಲ್ಲಿ ಕಾಣುತ್ತದೆ. ಎರಡೂ ಕಡೆಯ ಕಾರ್ಮಿಕರು ದಂಗೆಯೆದ್ದ ಕಾರಣಗಳೂ ಒಂದೇ ಜಾತಿಯವು. ಕೆಜಿಎಫ್‌ನಲ್ಲಿ 1930ರಲ್ಲಿ ಕೂಲಿಗಳ ಬೆರಳಚ್ಚು ತೆಗೆದುಕೊಂಡು ನೋಂದಾಯಿಸುವ ಕ್ರಮದ ವಿರುದ್ಧ ಮುಷ್ಕರ ನಡೆದರೆ, ತಾಮ್ರಪಟ್ಟಿ (ಕಾಪರ್‌ಬೆಲ್ಟ್) ಎನ್ನುವ ಇಲ್ಲಿನ ಗಣಿ ಸೀಮೆಯಲ್ಲಿ 1935ರಲ್ಲಿ ತಲೆಗಂದಾಯ ಏರಿಸಿದ್ದಕ್ಕೆ ಮುಷ್ಕರ ನಡೆದು ಲುವಾನ್ಷ್ಯಾದಲ್ಲಿ ಪೊಲೀಸರ ಗುಂಡಿಗೆ ಆರು ಮಂದಿ ಬಲಿಯಾದರು.

ಸಾಮ್ಯ ಇಲ್ಲಿಗೆ ಮುಗಿಯುತ್ತದೆ. ಕೋಲಾರದ ಚಿನ್ನವನ್ನು ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ತೆಗೆದು ಲಂಡನ್ನಿಗೆ ಸಾಗಿಸಿತಾದರೂ ಮೈಸೂರು ಸಂಸ್ಥಾನಕ್ಕೆ ರಾಯಧನ ಸಲ್ಲುತ್ತಿತ್ತು; 1902ರಲ್ಲಿ ಶಿವನಸಮುದ್ರದಿಂದ ಗಣಿಗೆ ವಿದ್ಯುತ್ತನ್ನು ಹರಿಸಿ ಸಂಸ್ಥಾನ ಅದರಿಂದಲೂ ಹಣ ಮಾಡಿತು. ಆಗ ಉತ್ತರ ರೊಡೇಷಿಯಾ ಎನಿಸಿಕೊಂಡಿದ್ದ ಜಾಂಬಿಯಾದಲ್ಲಿ ನಡೆದದ್ದು ಬೇರೆ. ಸೆಸಿಲ್ ರೋಡ್ಸ್ ಕಟ್ಟಿದ ಬ್ರಿಟಿಷ್ ಸೌತ್ ಆಫ್ರಿಕಾ ಕಂಪನಿ 1924ರಲ್ಲಿ ಆಡಳಿತವನ್ನು ಬ್ರಿಟಿಷ್ ಸರ್ಕಾರಕ್ಕೆ ಒಪ್ಪಿಸಿತು, ಆದರೆ ಖನಿಜದ ಹಕ್ಕನ್ನು ತನ್ನಲ್ಲೇ ಇಟ್ಟುಕೊಂಡಿತು. ನೆಲದಡಿಯ ತಾಮ್ರಕ್ಕೆ ಗಣಿ ಕಂಪನಿಗಳು ಕಟ್ಟುತ್ತಿದ್ದ ರಾಯಧನ ನೆಲದ ಮೇಲಿನ ಸರ್ಕಾರಕ್ಕಲ್ಲ, ಈ ಕಂಪನಿಗೆ ಹೋಗುತ್ತಿತ್ತು. 1949ರ ಒಪ್ಪಂದದ ಬಳಿಕ ಸರ್ಕಾರಕ್ಕೆ ಸಿಕ್ಕಿದ್ದು ಅದರಲ್ಲಿ ಐದನೆಯ ಒಂದು ಪಾಲು ಮಾತ್ರ. ಸ್ವಾತಂತ್ರ್ಯದ ಹಬ್ಬಕ್ಕೆ ಗಂಟೆಗಳು ಉಳಿದಿದ್ದಾಗ, 1964ರ ಅಕ್ಟೋಬರಿನಲ್ಲಿ, ನಲವತ್ತು ಲಕ್ಷ ಪೌಂಡ್ ಪಡೆದು ಕಂಪನಿ ಹಕ್ಕು ಬಿಟ್ಟುಕೊಟ್ಟಿತು. ಅದರಲ್ಲಿ ಅರ್ಧವನ್ನು ಬ್ರಿಟನ್ ಕೊಟ್ಟರೆ ಉಳಿದರ್ಧವನ್ನು ಇನ್ನೂ ಕಣ್ಣು ಬಿಡದ ಹೊಸ ದೇಶವೇ ಕೊಡಬೇಕಾಯಿತು. ತನ್ನ ಮನೆಯ ಬೀಗದ ಕೈಯನ್ನು ಕಳ್ಳನಿಂದ ಕೊಂಡುಕೊಳ್ಳುವುದೆಂದರೆ ಇದೇ.

ಆ ಹಕ್ಕಿಗೆ ಆಧಾರವಾಗಿದ್ದ ಕಾಗದಗಳಲ್ಲಿ ಮುಖ್ಯವಾದದ್ದು 1890ರಲ್ಲಿ ಲೋಝಿ ಜನರ ಅರಸ ಲೆವಾನಿಕಾನೊಡನೆ ಮಾಡಿಕೊಂಡ ಒಪ್ಪಂದ. ಲೋಝಿಗಳ ನಾಡು ಪಶ್ಚಿಮದಲ್ಲಿ, ಜಾಂಬೆಜಿ ನದಿಯ ನೆರೆ ಬರುವ ಬಯಲಿನಲ್ಲಿದೆ. ತಾಮ್ರಪಟ್ಟಿ ಅಲ್ಲಿಂದ ನೂರಾರು ಕಿಲೋಮೀಟರ್ ದೂರ. ಕಂಪನಿಗೆ ತಾಮ್ರ ಬೇಕಾಗಿದ್ದರಿಂದ ಲೆವಾನಿಕಾನ ರಾಜ್ಯ ಕಾಗದದ ಮೇಲೆ ಪೂರ್ವಕ್ಕೆ ಬೆಳೆಯಿತು. ಪಶ್ಚಿಮದಲ್ಲಿ ಪೋರ್ಚುಗೀಸರೊಡನೆ ತಕರಾರು ಬಂದಾಗ ಪಂಚಾಯಿತಿಗೆ ಕುಳಿತ ಇಟಲಿಯ ದೊರೆ 1905ರಲ್ಲಿ ರೇಖಾಂಶವನ್ನು ಹಿಡಿದು ನೆಟ್ಟಗೆ ಗೆರೆ ಎಳೆದುಬಿಟ್ಟ, ಅದೇ ರಾಜ್ಯ ಅಲ್ಲಿ ಕುಗ್ಗಿತು. ಭೂಪಟದಲ್ಲಿ ಜಾಂಬಿಯಾದ ಪಶ್ಚಿಮದ ಗಡಿ ಅಡಿಕೋಲು ಇಟ್ಟು ಎಳೆದಂತೆ ಕಾಣುವುದು ಅದಕ್ಕೇ. ಒಬ್ಬ ಅರಸನ ಸೀಮೆ ಎಷ್ಟು ಎಂಬುದನ್ನು ಪರದೇಶದವರು ತಮ್ಮ ಅನುಕೂಲಕ್ಕೆ ಹಿಗ್ಗಿಸಿ ಕುಗ್ಗಿಸಿದರೂ ‘ಇವನು ಈ ಚೀಫ್‌ನ ಪ್ರಜೆ’ ಎಂಬ ಮಾತನ್ನು ಮಾತ್ರ ಅನಾದಿಯಿಂದ ಬಂದದ್ದೆಂಬಂತೆ ಪುಸ್ತಕಕ್ಕೆ ಏರಿಸಿದರು. ಚೀಫ್‌ಗಳ ಮೂಲಕ ಆಳುವ ಪದ್ಧತಿ 1930ರ ಸುಮಾರಿಗೆ ಇಲ್ಲಿ ನೆಲೆಯೂರಿತು, ಊರು ಬಿಟ್ಟು ದುಡಿಯಲು ಹೋಗುವ ಗಂಡಸು ‘ಚಿಟುಪಾ’ ಎಂಬ ಗುರುತಿನ ಪತ್ರವನ್ನು ಇಟ್ಟುಕೊಂಡು ತಿರುಗಬೇಕಿತ್ತು. ನಮ್ಮ ಫೋರ್‌ಮನ್ನರ ಚೀಟಿಯ ವಂಶವೃಕ್ಷವನ್ನು ಹುಡುಕಿದರೆ ಅದರ ಅಜ್ಜ ಅಲ್ಲಿ ಸಿಗುತ್ತಾನೆ.

ಗಣಿಯ ಜನ ಇದನ್ನು ಸುಮ್ಮನೆ ಒಪ್ಪಿಕೊಂಡಿರಲಿಲ್ಲ ಎಂಬುದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಗಣಿಯ ಕಾಂಪೌಂಡುಗಳಲ್ಲಿ ಕಂಪನಿಗಳು ಪ್ರತಿ ಬುಡಕಟ್ಟಿಗೊಬ್ಬ ಹಿರಿಯನನ್ನು ಪ್ರತಿನಿಧಿಯೆಂದು ಕೂರಿಸಿ, ಕೂಲಿಯ ತಕರಾರನ್ನೂ ಅವರ ಮೂಲಕವೇ ತರಬೇಕೆಂದಿದ್ದವು. 1949ರಲ್ಲಿ ಆಫ್ರಿಕನ್ ಗಣಿ ಕಾರ್ಮಿಕರ ಸಂಘ ಹುಟ್ಟಿತು, 1953ರಲ್ಲಿ ಕಾರ್ಮಿಕರು ಮತ ಹಾಕಿ ಆ ಬುಡಕಟ್ಟು ಪ್ರತಿನಿಧಿಗಳ ವ್ಯವಸ್ಥೆಯನ್ನೇ ಭಾರೀ ಬಹುಮತದಿಂದ ಕಿತ್ತುಹಾಕಿದರು. ಬೆಂಬಾ, ಚೇವಾ, ಲೋಝಿ ಎನ್ನದೆ ಸುರಂಗಕ್ಕಿಳಿಯುತ್ತಿದ್ದವರಿಗೆ ಸುರಂಗದ ಹೊರಗೂ ಹಾಗೆಯೇ ಇರಬಹುದು ಎನ್ನಿಸಿತ್ತು. ಜಾಂಬಿಯಾದ ರಾಷ್ಟ್ರೀಯತೆಯ ನಿಜವಾದ ತೊಟ್ಟಿಲು ರಾಜಧಾನಿ ಲುಸಾಕಾದ ಸಭೆಗಳಿಗಿಂತ ಹೆಚ್ಚಾಗಿ ಈ ಮತಪೆಟ್ಟಿಗೆಯೇ ಎಂಬುದು ನನ್ನ ಎಣಿಕೆ.

ಕನ್ನಡಿಗನಾದ ನಾನು ಇಲ್ಲಿಗೆ ಬಂದಾಗ ಒಂದು ಹಮ್ಮನ್ನು ಜೊತೆಗೆ ತಂದಿದ್ದೆ. ಬ್ರಿಟಿಷರು ಎಳೆದ ಗೆರೆಗಳನ್ನು ನಾವು ಅಳಿಸಿ ಬರೆದೆವು, ಇವರಿಗೆ ಅದು ಆಗಲಿಲ್ಲ ಎಂಬುದೇ ಆ ಹಮ್ಮು. ಮುಂಬಯಿ, ಮದರಾಸು, ಹೈದರಾಬಾದು, ಕೊಡಗು, ಮೈಸೂರು ಎಂದು ಹರಿದು ಹಂಚಿಹೋಗಿದ್ದ ಕನ್ನಡದ ಸೀಮೆಗಳು ಆಲೂರು ವೆಂಕಟರಾಯರಂಥವರ ಅರ್ಧ ಶತಮಾನದ ದುಡಿಮೆಯ ಬಳಿಕ 1956ರ ನವೆಂಬರ್ 1ರಂದು ಒಂದಾದವು. ಇಲ್ಲಿ ಚೇವಾ ಜನರನ್ನು ನೋಡಿ: ಅವರು ಜಾಂಬಿಯಾ, ಮಲಾವಿ, ಮೊಜಾಂಬಿಕ್ ಎಂಬ ಮೂರು ದೇಶಗಳಲ್ಲಿ ಹಂಚಿಹೋಗಿದ್ದಾರೆ. ಅವರ ಹಿರಿಯ ಅರಸ ಗಾವಾ ಉಂಡಿ ಇರುವುದು ಜಾಂಬಿಯಾದ ಕಟೇಟೆ ಸೀಮೆಯಲ್ಲಿ. ಪ್ರತಿ ಆಗಸ್ಟಿನ ಕುಲಾಂಬಾ ಉತ್ಸವಕ್ಕೆ ಮೂರು ದೇಶಗಳ ಚೇವಾಗಳು ಗಡಿ ದಾಟಿ ಕಾಣಿಕೆ ತರುತ್ತಾರೆ. ಅವರಾಡುವ ನುಡಿಗೆ ಮಲಾವಿಯಲ್ಲಿ ಚಿಚೇವಾ ಎಂಬ ಹೆಸರು, ಜಾಂಬಿಯಾದಲ್ಲಿ ನ್ಯಾಂಜಾ ಎಂಬ ಹೆಸರು. ಉತ್ಸವ ಮುಗಿದ ಮೇಲೆ ಅವರವರ ದೇಶಕ್ಕೆ ಹೊರಡುತ್ತಾರೆ. ಇವರಿಗೊಬ್ಬ ಆಲೂರರು ಯಾಕೆ ಹುಟ್ಟಲಿಲ್ಲ ಎಂದು ನಾನು ಬಹಳ ದಿನ ಯೋಚಿಸಿದ್ದುಂಟು.

ಯೋಚನೆ ತಪ್ಪು ಎಂದು ತಿಳಿಯಲು ಪಕ್ಕದ ಕಾಂಗೊ ಸಾಕಾಯಿತು. ಕಿಟ್ವೆಯಿಂದ ಗಡಿ ಹೆಚ್ಚು ದೂರವಿಲ್ಲ; ಗಡಿಯಾಚೆಯ ಕಟಾಂಗಾ ಸೀಮೆಯಲ್ಲಿಯೂ ಇದೇ ತಾಮ್ರದ ಪದರ. ಕಾಂಗೊ ಸ್ವತಂತ್ರವಾದ ಹನ್ನೊಂದೇ ದಿನಕ್ಕೆ, 1960ರ ಜುಲೈ 11ರಂದು, ಮೋಯಿಸ್ ಶೋಂಬೆ ಕಟಾಂಗಾವನ್ನು ಬೇರೆ ದೇಶವೆಂದು ಸಾರಿದ. ಅವನ ಬೆನ್ನಿಗೆ ಬೆಲ್ಜಿಯಂನ ಗಣಿ ಕಂಪನಿಯ ಹಣವಿತ್ತು. ಆರು ತಿಂಗಳಲ್ಲಿ ಪ್ರಧಾನಿ ಪಟ್ರೀಸ್ ಲುಮುಂಬಾ ಅದೇ ಕಟಾಂಗಾದಲ್ಲಿ ಕೊಲೆಯಾದರು. ಗೆರೆ ಅಳಿಸುವ ಮಾತನ್ನು ಯಾರು ಎತ್ತಿದರೂ ಅದರ ಲಾಭ ಯಾರಿಗೆ ಹೋಗುತ್ತದೆಂಬುದನ್ನು ಆಫ್ರಿಕದ ಹೊಸ ನಾಯಕರು ಕಣ್ಣಾರೆ ಕಂಡರು. 1964ರ ಜುಲೈಯಲ್ಲಿ ಕೈರೋದಲ್ಲಿ ಸೇರಿ, ಸ್ವಾತಂತ್ರ್ಯ ಬಂದಾಗ ಇದ್ದ ಗಡಿಗಳನ್ನೇ ಮನ್ನಿಸುವುದೆಂದು ಠರಾವು ಮಾಡಿದರು. ನಾಲ್ಕೇ ವರ್ಷದಲ್ಲಿ ಮಲಾವಿಯ ಅಧ್ಯಕ್ಷ ಬಂಡಾ ಜಾಂಬಿಯಾದ ಪೂರ್ವ ಭಾಗ ತಮ್ಮದೆಂದು ಹಕ್ಕು ಸಾಧಿಸಲು ಹೊರಟಾಗ ಈ ಠರಾವೇ ಅಡ್ಡ ನಿಂತಿತು. ನಾವು ಗೆರೆ ಬದಲಿಸಿದ್ದು ಒಂದು ದೊಡ್ಡ ದೇಶದ ಛಾವಣಿಯ ಕೆಳಗೆ, ಆಯೋಗ, ವರದಿ, ಸಂಸತ್ತುಗಳ ಆಸರೆಯಲ್ಲಿ. ಗೋಡೆ ಸರಿಸಿದರೆ ಮನೆಯೇ ಬೀಳುವವರಿಗೆ ನಮ್ಮ ಉದಾಹರಣೆಯನ್ನು ಉಪದೇಶಿಸುವುದು ಉಂಡವನು ಹಸಿದವನಿಗೆ ಉಪವಾಸದ ಪುಣ್ಯ ಹೇಳಿದ ಹಾಗೆ.

ಗೆರೆ ಮುಟ್ಟದ ಮೇಲೆ ಒಳಗಿನವರನ್ನು ಕೂಡಿಸುವ ಕೆಲಸ ಉಳಿಯಿತು. ಮೊದಲ ಅಧ್ಯಕ್ಷ ಕೆನೆತ್ ಕೌಂಡಾ ‘ಒಂದು ಜಾಂಬಿಯಾ, ಒಂದು ರಾಷ್ಟ್ರ’ ಎಂಬ ಘೋಷಣೆಯನ್ನು ಮಂತ್ರದಂತೆ ಜಪಿಸಿದರು. ಅಧಿಕಾರಿಗಳನ್ನು ಸ್ವಂತ ಸೀಮೆಯ ಹೊರಗೆ ನೇಮಿಸಿದರು, ಮಂತ್ರಿಮಂಡಲದಲ್ಲಿ ಸೀಮೆಗಳ ತಕ್ಕಡಿ ಸರಿದೂಗಿಸಿದರು. ಲೋಝಿ ಅರಸನಿಗೆ 1964ರ ಒಪ್ಪಂದದಲ್ಲಿ ಕೊಟ್ಟ ವಿಶೇಷ ಸ್ಥಾನವನ್ನು 1969ರಲ್ಲಿ ರದ್ದು ಮಾಡಿದರು; ಮೈಸೂರಿನ ಒಡೆಯರು ಮಹಾರಾಜರಿಂದ ರಾಜಪ್ರಮುಖರಾಗಿ, ಕೊನೆಗೆ ರಾಜ್ಯಪಾಲರಾಗಿ ನಯವಾಗಿ ಇಳಿದು ಬಂದಂತೆ ಅಲ್ಲಿ ಆಗಲಿಲ್ಲ, ಆ ನೋವು ಪಶ್ಚಿಮ ಪ್ರಾಂತ್ಯದಲ್ಲಿ ಇನ್ನೂ ಮಾಗಿಲ್ಲ. ನುಡಿಯ ವಿಷಯದಲ್ಲಿ ಬೆಂಬಾ, ನ್ಯಾಂಜಾ, ಟೋಂಗಾ, ಲೋಝಿ, ಕವೊಂಡೆ, ಲುಂಡಾ, ಲುವಾಲೆ ಎಂಬ ಏಳಕ್ಕೆ ರೇಡಿಯೊ ಮತ್ತು ಶಾಲೆಯಲ್ಲಿ ಜಾಗ ಕೊಟ್ಟು, ಯಾವುದಕ್ಕೂ ಪಟ್ಟ ಕಟ್ಟದೆ, ಇಂಗ್ಲಿಷನ್ನು ಆಡಳಿತ ಭಾಷೆಯಾಗಿ ಉಳಿಸಿಕೊಂಡರು. 1966ರಿಂದ ಮೊದಲ ತರಗತಿಯಿಂದಲೇ ಇಂಗ್ಲಿಷ್ ಮಾಧ್ಯಮ ಬಂತು. ಕೌಂಡಾರ ಬಾಲ್ಯದ ಗೆಳೆಯ ಸೈಮನ್ ಕಪ್ವೆಪ್ವೆ ನಾಡನುಡಿಗಳ ಪರ ವಾದಿಸಿದರು, ಕೊನೆಗೆ ಪಕ್ಷ ಬಿಟ್ಟು ಹೊರಗೆ ನಡೆದರು. ಅವರ ಹೊಸ ಪಕ್ಷಕ್ಕೆ ಬೆಂಬಾ ಪಕ್ಷವೆಂಬ ಹಣೆಪಟ್ಟಿ ಹಚ್ಚಿ ನಿಷೇಧಿಸಲಾಯಿತು, ಆ ಬೆನ್ನಿಗೇ ಏಕಪಕ್ಷದ ಆಡಳಿತ ಬಂತು. ಒಗ್ಗಟ್ಟಿಗೆ ಇವರು ತೆತ್ತ ಬೆಲೆ ಅದು, ಅಗ್ಗದ್ದೇನಲ್ಲ. ಕನ್ನಡ ಶಾಲೆಯಲ್ಲಿ ಓದಿ ಬಂದ ನನಗೆ ಇಂಗ್ಲಿಷಿನ ಈ ಯಜಮಾನಿಕೆ ಇವತ್ತಿಗೂ ಗಂಟಲಲ್ಲಿ ಇಳಿಯುವುದಿಲ್ಲ. ಆದರೆ ಏಕೀಕರಣ ಮಾಡಿಕೊಂಡ ನಾವೇ ಬೆಂಗಳೂರಿನಲ್ಲಿ ಮಕ್ಕಳನ್ನು ಯಾವ ಮಾಧ್ಯಮಕ್ಕೆ ಸೇರಿಸುತ್ತಿದ್ದೇವೆ ಎಂದು ಯಾರಾದರೂ ಕೇಳಿದರೆ ಮಾತು ಬದಲಿಸುತ್ತೇನೆ.

ಸರ್ಕಾರದ ಮಂತ್ರಕ್ಕಿಂತ ಚೆನ್ನಾಗಿ ಜನರನ್ನು ಕೂಡಿಸಿರುವುದು ‘ಚಿಂಬುಯಾ’ ಎಂಬ ಕೀಟಲೆಯ ನಂಟು ಎಂದು ನನಗೆ ಅನ್ನಿಸುತ್ತದೆ. ಬೆಂಬಾಗಳೂ ಪೂರ್ವ ಸೀಮೆಯವರೂ ಪರಸ್ಪರ ಇಲಿ ತಿನ್ನುವವರು, ಕೋತಿ ತಿನ್ನುವವರು ಎಂದು ಬೈದುಕೊಳ್ಳಬಹುದು, ಸಾವಿನ ಮನೆಯಲ್ಲಿಯೂ, ಯಾರೂ ಸಿಟ್ಟಾಗುವಂತಿಲ್ಲ. ಒಂದು ಕಾಲಕ್ಕೆ ಕಾದಾಡಿದವರ ಮಕ್ಕಳು ಹೀಗೆ ನಗುತ್ತಾರೆ. ಧಾರವಾಡದ ರೊಟ್ಟಿಯವರೂ ಮೈಸೂರಿನ ಮುದ್ದೆಯವರೂ ಒಬ್ಬರನ್ನೊಬ್ಬರು ಗೇಲಿ ಮಾಡುವಾಗ ನಮ್ಮಲ್ಲಿಯೂ ಇದರ ಒಂದು ಎಳೆ ಇದೆ.

ಇಷ್ಟೆಲ್ಲ ಆದ ಮೇಲೂ ಚೀಟಿಯ ಮೇಲಿನ ಹಳ್ಳಿ ಹೋಗಲಿಲ್ಲ. ಅದು ಕಚ್ಚಿದ್ದು ಕೌಂಡಾರನ್ನೇ. ಅವರು ಹುಟ್ಟಿದ್ದು 1924ರಲ್ಲಿ, ಇಂದಿನ ಜಾಂಬಿಯಾದ ಚಿನ್ಸಾಲಿಯ ಬಳಿಯ ಲುಬ್ವಾ ಮಿಷನ್ನಿನಲ್ಲಿ. ಅವರ ತಂದೆ ಧರ್ಮಪ್ರಚಾರಕರಾಗಿ ನ್ಯಾಸಾಲ್ಯಾಂಡಿನಿಂದ, ಎಂದರೆ ಇಂದಿನ ಮಲಾವಿಯಿಂದ, ಬಂದವರು. ಆಗ ಎರಡೂ ಬ್ರಿಟಿಷರ ಸೀಮೆಗಳೇ. ಕಟುಕನ ಅಂಗಡಿಯಲ್ಲಿ ಕರಿಯರಿಗೆ ಗೋಡೆಯ ಕಿಂಡಿಯಿಂದ ಮಾಂಸ ಕೊಡುತ್ತಿದ್ದ ಅವಮಾನಕ್ಕೆ ಬೇಸತ್ತು ಮಾಂಸವನ್ನೇ ತೊರೆದವರು, ಗಾಂಧಿಯ ದಾರಿ ಹಿಡಿದು 1959ರಲ್ಲಿ ಸೆರೆ ಕಂಡವರು, ದೇಶವನ್ನು 27 ವರ್ಷ ಆಳಿ 1991ರಲ್ಲಿ ಚುನಾವಣೆ ಸೋತು ತಲೆಬಾಗಿ ಹೊರಟವರು. ಅವರು ಮತ್ತೆ ಸ್ಪರ್ಧಿಸಲು ಹೊರಟಾಗ, 1996ರಲ್ಲಿ, ಅಧ್ಯಕ್ಷರಾಗುವವರ ತಂದೆತಾಯಿಗಳಿಬ್ಬರೂ ಜಾಂಬಿಯಾದವರೇ ಆಗಿರಬೇಕೆಂದು ಸಂವಿಧಾನವನ್ನು ತಿದ್ದಲಾಯಿತು. 1999ರಲ್ಲಿ ನ್ಯಾಯಾಲಯವೊಂದು ಅವರು ಈ ದೇಶದ ಪ್ರಜೆಯೇ ಅಲ್ಲವೆಂದು ತೀರ್ಪಿತ್ತಿತು. ಮರುವರ್ಷ ಅದು ಸರಿಹೋಯಿತಾದರೂ ‘ಒಂದು ಜಾಂಬಿಯಾ’ ಎಂದವರೇ ಆ ಹೊತ್ತಿಗೆ ಯಾವ ನಾಡಿಗೂ ಸೇರದವರಾಗಿದ್ದರು. ಪರದೇಶದವರು ಎಳೆದ ಗೆರೆಯೊಂದನ್ನು ಅವರ ತಂದೆ ಅದು ಗಡಿಯಾಗುವ ಮುನ್ನವೇ ದಾಟಿದ್ದರು. ಅದನ್ನು ಹಿಡಿದು ತಕರಾರೆತ್ತಿದವರು ಮಾತ್ರ ಪರದೇಶದವರಲ್ಲ.

ಇದನ್ನು ಓದಿ ನಮ್ಮಲ್ಲಿ ಹೀಗಿಲ್ಲ ಎನ್ನುವವರು ಕೋಲಾರವನ್ನು ಒಮ್ಮೆ ನೆನೆಯಲಿ. ತೆಲುಗು ಆಡುವವರು ತುಂಬಿದ್ದ ನಮ್ಮ ಜಿಲ್ಲೆ ಭಾಷಾವಾರು ಲೆಕ್ಕಕ್ಕೆ ಪೂರ್ತಿ ಒಗ್ಗದೆಯೂ ಮೈಸೂರಿನಲ್ಲೇ ಉಳಿಯಿತು. ಗಣಿಗೆಂದು ಉತ್ತರ ಆರ್ಕಾಟ್, ಸೇಲಂ ಕಡೆಗಳಿಂದ ಕರೆತಂದ ತಮಿಳು ಕೂಲಿಗಳ ಮರಿಮಕ್ಕಳು ಇಂದು ಕೆಜಿಎಫ್‌ನಿಂದ ಬೆಂಗಳೂರಿಗೆ ದಿನವೂ ರೈಲಿನಲ್ಲಿ ದುಡಿಯಲು ಹೋಗಿ ಬರುತ್ತಾರೆ. ಅವರ ಚೀಟಿಯಲ್ಲಿ ಹಳ್ಳಿ, ಚೀಫ್ ಎಂಬ ಕಲಂ ಇಲ್ಲ. ಆ ಕಲಮನ್ನು ನಾವು ಬಾಯಲ್ಲಿ ಇಟ್ಟುಕೊಂಡಿದ್ದೇವೆ.

ಜಾಂಬಿಯಾದ ಸ್ವಾತಂತ್ರ್ಯ ದಿನ ಅಕ್ಟೋಬರ್ 24. ಎಂಟು ದಿನ ಕಳೆದರೆ ನಮ್ಮ ರಾಜ್ಯೋತ್ಸವ. ಹೋದ ವರ್ಷ ಇಲ್ಲಿನ ಏಳೆಂಟು ಕನ್ನಡ ಮನೆಗಳು ಒಂದು ಮನೆಯ ಅಂಗಳದಲ್ಲಿ ಸೇರಿ ಬಾವುಟ ಕಟ್ಟಿ, ಬಿಸಿಬೇಳೆ ಬಾತ್ ಮಾಡಿದ್ದೆವು. ಸೊಲ್ವೇಜಿಯ ಗಣಿಯಲ್ಲಿ ಕೆಲಸಕ್ಕೆ ಸೇರಿದ್ದ ಹುಡುಗನೊಬ್ಬ ಹೊಸದಾಗಿ ಬಂದಿದ್ದ. ಮನೆಮಾತು ತಮಿಳು, ಓದಿದ್ದು ಕನ್ನಡ ಶಾಲೆಯಲ್ಲಿ. ಊಟಕ್ಕೆ ಕುಳಿತಾಗ ನಾನೇ ಕೇಳಿದೆ, ನಿಮ್ಮದು ಯಾವ ಊರಪ್ಪಾ ಎಂದು. ಚಾಂಪಿಯನ್ ರೀಫ್ ಸಾರ್ ಎಂದ. ಕೆಜಿಎಫ್‌ನ ಗಣಿ ಬಡಾವಣೆಗಳಲ್ಲಿ ಅದೊಂದು. ಅದು ಸರಿ, ಮೂಲ ಎಲ್ಲಿ ಎಂದು ನನ್ನ ಬಾಯಿಂದ ಬಂದೇಬಿಟ್ಟಿತು. ಅವನು ಎಲೆಯಿಂದ ತಲೆಯೆತ್ತಿ, ನನಗೆ ಕೇಳಿಸಲಿಲ್ಲವೇನೋ ಎಂಬಂತೆ ಸ್ವಲ್ಪ ಗಟ್ಟಿಯಾಗಿ ಮತ್ತೊಮ್ಮೆ ಹೇಳಿದ, ಚಾಂಪಿಯನ್ ರೀಫ್.