ಗೋಡೆಗೆ ಹೊದಿಸಿದ್ದ ಪ್ಲಾಸ್ಟಿಕ್ ಕಿತ್ತೆ

ಹಾಲಿನ ಗೋಡೆಗೆ ಹಾಕಿಸಿದ್ದ ಪಿವಿಸಿ ಪ್ಯಾನೆಲ್ ಪೂರ್ತಿ ಕಿತ್ತು ಹಾಕಿದೆ. ನಾಲ್ಕು ವರ್ಷದ ಹಿಂದೆ ಹಾಕಿಸಿದವನೂ ನಾನೇ. ಹಾಗಾಗಿ ಯಾರನ್ನೂ ಬೈಯುವ ಹಾಗಿಲ್ಲ.

ಮನೆ ಮೈಸೂರಿನ ಚಾಮರಾಜಪುರಂನಲ್ಲಿದೆ. ತಾತ ಕಟ್ಟಿಸಿದ್ದು. ಇಟ್ಟಿಗೆ, ಸುಣ್ಣದ ಗಾರೆ, ಮಂಗಳೂರು ಹೆಂಚು. ಬೀದಿ ಕಡೆಯ ಗೋಡೆಯಲ್ಲಿ ಸೊಂಟದೆತ್ತರ ತೇವ ಏರುತ್ತಿತ್ತು. ಬಣ್ಣ ಹೊಡೆಸಿದರೆ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಹಪ್ಪಳದ ಹಾಗೆ ಎದ್ದುಬಿಡುತ್ತಿತ್ತು. ಅಷ್ಟರಲ್ಲಿ ಮಗಳ ಮದುವೆ ಗೊತ್ತಾಯಿತು. ಬೀಗರು ಬರುತ್ತಾರೆ, ಈ ಗೋಡೆ ತೋರಿಸೋಕಾಗುತ್ತಾ? ಅಂಗಡಿಯವರು "ವಾಟರ್‌ಪ್ರೂಫ್ ಸಾರ್" ಅಂದರು. ಸುಳ್ಳಲ್ಲ. ನೀರಿಗೆ ಪ್ಯಾನೆಲ್‌ಗೇನೂ ಆಗುವುದಿಲ್ಲ. ಆಗುವುದೆಲ್ಲ ಹಿಂದಿನ ಗೋಡೆಗೆ. ಅದನ್ನು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಎರಡೇ ದಿನದಲ್ಲಿ ಗೋಡೆ ತೇಗದ ಹಲಗೆಯ ಹಾಗೆ ಮಿಂಚಿತು. ಬೀಗರು ಹೊಗಳಿದರು ಕೂಡ.

ಎರಡನೇ ಮಳೆಗಾಲಕ್ಕೆ ವಾಸನೆ ಶುರುವಾಯಿತು. ಒದ್ದೆ ಗೋಣಿಚೀಲದ ವಾಸನೆ. ಹೆಂಡತಿ ಊದುಬತ್ತಿ ಹಚ್ಚುತ್ತಿದ್ದಳು, ನಾನು ಎಲ್ಲೋ ಇಲಿ ಸತ್ತಿದೆ ಅನ್ನುತ್ತಿದ್ದೆ. ಆಮೇಲೆ ಪಟ್ಟಿಗಳು ಉಬ್ಬತೊಡಗಿದವು. ಅಮೆರಿಕದಲ್ಲಿರುವ ಅಳಿಯಂದಿರು ವಿಡಿಯೊ ಕಾಲ್‌ನಲ್ಲಿ ನೋಡಿ ನಕ್ಕರು. ಅಲ್ಲಿ ಮರದ ಮನೆಗಳ ಹೊರಗೋಡೆಗೇ ಪಿವಿಸಿ ಹೊದಿಸುತ್ತಾರೆ, ವಿನೈಲ್ ಸೈಡಿಂಗ್ ಅಂತ. ಚಳಿಗೂ ಬಿಸಿಲಿಗೂ ಹನ್ನೆರಡು ಅಡಿ ಪಟ್ಟಿ ಅರ್ಧ ಇಂಚು ಹಿಗ್ಗಿ ಕುಗ್ಗುತ್ತದಂತೆ. ಅದಕ್ಕೇ ಮೊಳೆಯನ್ನು ಪೂರ್ತಿ ಬಿಗಿಯದೆ, ಪಟ್ಟಿ ಸರಿದಾಡಲು ಜಾಗ ಬಿಡುತ್ತಾರೆ. ನಮ್ಮಲ್ಲಿ ಹಾಕಿದವರು ಒಂದು ಕೂದಲೆಳೆಯೂ ಅಲ್ಲಾಡದ ಹಾಗೆ ಸ್ಕ್ರೂ ಬಿಗಿದಿದ್ದರು. ಗಟ್ಟಿ ಕೆಲಸ ಅಂತ ನಾನು ಟಿಪ್ಸ್ ಬೇರೆ ಕೊಟ್ಟಿದ್ದೆ!

ಕೀಳುವವರು ನಡುವಿನಿಂದ ಎಳೆಯಬೇಡಿ. ನಾನು ಹಾಗೆ ಮಾಡಿ ಎರಡು ಪಟ್ಟಿ ಚೂರು ಮಾಡಿದೆ. ಒಂದರ ಅಂಚು ಇನ್ನೊಂದರ ಸಂದಿಯಲ್ಲಿ ಕೂತಿರುತ್ತದೆ, ಸ್ಕ್ರೂ ಅದರೊಳಗೆ ಅಡಗಿರುತ್ತದೆ. ಮೂಲೆಯ ಬೀಡಿಂಗ್ ತೆಗೆದು, ಕೊನೆಗೆ ಕೂರಿಸಿದ ಪಟ್ಟಿಯನ್ನೇ ಮೊದಲು ಬಿಚ್ಚಬೇಕು. ಸ್ವಿಚ್ ಬೋರ್ಡ್ ಇದ್ದರೆ ಮೇನ್ ಆಫ್ ಮಾಡಿಯೇ ಕೈ ಹಾಕಿ. ಗೋಡೆ ಒದ್ದೆ ಇರುತ್ತೆ, ಹುಷಾರು.

ಒಳಗೆ ಮರದ ರೀಪರನ್ನು ಗೆದ್ದಲು ತಿಂದು ಮುಗಿಸಿತ್ತು. ಗಾರೆ ಮುಟ್ಟಿದರೆ ರವೆಯ ಹಾಗೆ ಉದುರಿತು. ಮೊದಲು ಸೊಂಟದವರೆಗಿದ್ದ ತೇವ ಈಗ ನನ್ನ ತಲೆಗಿಂತ ಮೇಲೆ.

ಪಾಂಡವಪುರದ ಕಡೆಯ ಒಬ್ಬರು ಹಳೇ ಮೇಸ್ತ್ರಿ ಬಂದು ನೋಡಿದರು. ಒಳಗಿನ ಗೋಡೆಯನ್ನು ಸುಮ್ನೆ ತಟ್ಟಿ, ಸೀದಾ ಬೀದಿಗೆ ಹೋದರು. "ನೀರ್ ಬರೋದು ಇಲ್ಲಿಂದ ಸಾರ್." ರಸ್ತೆಗೆ ಡಾಂಬರಿನ ಮೇಲೆ ಡಾಂಬರು ಹಾಕಿ ನಮ್ಮ ಹಾಲಿನ ನೆಲಕ್ಕಿಂತ ರಸ್ತೆಯೇ ಎತ್ತರವಾಗಿದೆ. ಮಳೆ ನೀರು ಗೋಡೆ ಬುಡಕ್ಕೇ ಬಂದು ನಿಲ್ಲುತ್ತದೆ. ದಿನಾ ಅದೇ ರಸ್ತೆಯಲ್ಲಿ ವಾಕಿಂಗ್ ಹೋಗುವ ನನಗೆ ಇದು ಕಂಡಿರಲಿಲ್ಲ.

ಹಾಗಾದರೆ ಸಿಮೆಂಟ್ ಪ್ಲಾಸ್ಟರ್ ಮಾಡಿಬಿಡಿ ಅಂದೆ. ಅವರಿಗೆ ಸಿಟ್ಟೇ ಬಂತು. "ಮತ್ತೆ ಪ್ಲಾಸ್ಟಿಕ್ ಹಾಕ್ದಂಗೇ ಆಯ್ತಲ್ಲ ಸಾರ್. ಸುಣ್ಣದ ಗೋಡೆ ನೀರು ಕುಡಿದ್ರೂ ಬಿಸಿಲಲ್ಲಿ ಬಿಟ್ಬಿಡುತ್ತೆ. ಬಿಡಕ್ಕೆ ದಾರಿ ಕೊಡಿ." ಸುಣ್ಣ ಅಂದರೆ ಕಮ್ಮಿ ಅಂದ್ಕೊಂಡ್ರಾ, ನಮ್ಮ ಕನ್ನಂಬಾಡಿ ಕಟ್ಟೆ ನಿಂತಿರೋದೇ ಸುಣ್ಣ ಸುರ್ಕಿಯಲ್ಲಿ ಅಂತ ಪಾಠ ಬೇರೆ ಆಯಿತು. ನಿಜವೇ. ಸುಟ್ಟ ಇಟ್ಟಿಗೆ ಪುಡಿ ಬೆರೆಸಿದ ಗಾರೆಯಲ್ಲೇ ಆ ಕಟ್ಟೆ ಕಟ್ಟಿದ್ದು.

ಹೊರಗೆ ಮಣ್ಣು ತಗ್ಗಿಸಿ, ನೀರು ಹರಿದುಹೋಗಲು ಚರಂಡಿ ಮಾಡಿಸಿದೆ. ಒಳಗೆ ಗೋಡೆ ಮೇಲೆ ಬಂದ ಬಿಳಿ ಉಪ್ಪನ್ನು ಒಣ ಬ್ರಶ್‌ನಲ್ಲೇ ಉಜ್ಜುತ್ತಿದ್ದೇನೆ. ನೀರು ಹಾಕಿ ತೊಳೆದರೆ ಉಪ್ಪು ಮತ್ತೆ ಒಳಗೇ ಹೋಗುತ್ತದೆ. ಪೂರ್ತಿ ಒಣಗಿದ ಮೇಲೆ ಸುಣ್ಣದ ಗಾರೆ. ಒಣ ಗೋಡೆಗೆ ಪ್ಯಾನೆಲ್ ಹಾಕಿಕೊಳ್ಳಿ, ನಿಮ್ಮಿಷ್ಟ. ತೇವ ಮುಚ್ಚೋಕೆ ಹಾಕಿಸುವವರು ಮಾತ್ರ ಒಂದು ಸಲ ಬಂದು ನಮ್ಮ ಹಾಲಿನಲ್ಲಿ ಕೂತು ಹೋಗಿ, ಕಾಫಿ ಕೊಡ್ತೀನಿ.

ಕಿತ್ತ ಪಟ್ಟಿಗಳನ್ನು ಗುಜರಿಯವನು ಮುಟ್ಟಲಿಲ್ಲ. ಕೆಲಸಕ್ಕೆ ಬಂದ ಹುಡುಗ ಹಂಡೆ ಒಲೆಗೆ ಆಗುತ್ತೆ ಕೊಡಿ ಅಂದ. ಬೇಡಪ್ಪಾ ಅಂದೆ. ಪಿವಿಸಿ ಸುಟ್ಟರೆ ಬರೋದು ಆಸಿಡ್ ಹೊಗೆ. ಸದ್ಯಕ್ಕೆ ಅಟ್ಟದ ಮೇಲಿವೆ.

ದಸರಾಕ್ಕೆ ಬೀಗರು ಮತ್ತೆ ಬರುತ್ತಿದ್ದಾರೆ. ಈ ಸಲ ಗೊಂಬೆ ಆ ಗೋಡೆ ಮುಂದೇ ಕೂರಿಸೋಣ, ಎಲ್ಲಾ ಮುಚ್ಚಿಹೋಗುತ್ತೆ ಅಂತಾಳೆ ಹೆಂಡತಿ. ಒಪ್ಪಿದ್ದೇನೆ, ಗೋಡೆಗೂ ಮೆಟ್ಟಿಲಿಗೂ ನಡುವೆ ಒಂದಡಿ ಬಿಟ್ಟರೆ.