ಫ್ರಿಜ್ಜಿನ ಮುನಿಸು

ಇಂಗ್ಲೆಂಡಿನಲ್ಲಿ ಕ್ಯಾಂಪರ್‌ವ್ಯಾನ್ (ಮಲಗಲು, ಅಡುಗೆ ಮಾಡಿಕೊಳ್ಳಲು ಸಜ್ಜಾದ ವ್ಯಾನು) ಇಟ್ಟುಕೊಂಡ ಇಬ್ಬರು ಸಿಕ್ಕಿದರೆ ಮಾತು ಮಳೆಯಿಂದ ಶುರುವಾಗಿ ಲೀಷರ್ ಬ್ಯಾಟರಿಗೆ, ಅಂದರೆ ಎಂಜಿನ್ನಿಗಲ್ಲದೆ ಒಳಗಿನ ದೀಪ, ಫ್ರಿಜ್ಜಿಗೆಂದೇ ಇರುವ ಬ್ಯಾಟರಿಗೆ, ಬಂದು ನಿಲ್ಲುತ್ತದೆ. ದೀಪಕ್ಕೆ ಎಷ್ಟು, ಫೋನಿಗೆ ಎಷ್ಟು ಅಂತ ಯಾರೂ ಕೇಳೋದಿಲ್ಲ, ಅವೆಲ್ಲ ಚಿಲ್ಲರೆ ಖರ್ಚು. ತಲೆನೋವೆಲ್ಲ ಫ್ರಿಜ್ಜಿನದು.

ಕಂಪ್ರೆಸರ್ ಇರುವ ಸಣ್ಣ ಫ್ರಿಜ್ ಓಡುವಾಗ ಎಳೆಯುವುದು ಸುಮಾರು 45 ವ್ಯಾಟ್. 12 ವೋಲ್ಟಿನಲ್ಲಿ ನಾಲ್ಕು ಆಂಪಿಯರ್ ಕೂಡ ಆಗಲ್ಲ. ಜಾಸ್ತಿ ಏನಲ್ಲ, ಅಲ್ವಾ? ಆದರೆ ಅದಕ್ಕೆ ಹಗಲಿಲ್ಲ, ರಾತ್ರಿಯಿಲ್ಲ. ಗಂಟೆಗೆ ಬರೀ ಇಪ್ಪತ್ತು ನಿಮಿಷ ಓಡಿದರೂ ದಿನಕ್ಕೆ 30 ಆಂಪಿಯರ್-ಅವರ್ (ಒಂದು ಆಂಪಿಯರ್ ಒಂದು ಗಂಟೆ ಎಳೆದರೆ ಒಂದು) ನುಂಗಿರುತ್ತದೆ. ಬ್ಯಾಟರಿ ಮೇಲೆ 100 ಆಂಪಿಯರ್-ಅವರ್ ಅಂತ ದಪ್ಪಕ್ಷರದಲ್ಲಿ ಬರೆದಿದೆಯಲ್ಲ, ಮೂರು ದಿನ ಆರಾಮ ಅಂದುಕೊಳ್ಳಬೇಡಿ. ಲೆಡ್ ಆ್ಯಸಿಡ್ ಬ್ಯಾಟರಿಯನ್ನು ಪದೇ ಪದೇ ಅರ್ಧಕ್ಕಿಂತ ಕೆಳಗಿಳಿಸಿದರೆ ಅದರ ಆಯಸ್ಸೇ ಕರಗುತ್ತದೆ. ಸಂಬಳದ ಚೀಟಿಯಲ್ಲಿರುವುದು ಒಂದು, ಇಎಂಐ ಕಳೆದು ಕೈಗೆ ಉಳಿಯುವುದು ಇನ್ನೊಂದು. ಶುಕ್ರವಾರ ಸಂಜೆ ಹೊರಟು ಒಂದೇ ಕಡೆ ಬೀಡುಬಿಟ್ಟರೆ ಭಾನುವಾರ ತಿಂಡಿ ಹೊತ್ತಿಗೆ ಕಥೆ ಮುಗೀತು.

ಬ್ಯಾಟರಿ ತುಂಬಿದ್ದಾಗಲೂ ಫ್ರಿಜ್ ಮುನಿಸಿಕೊಳ್ಳುವುದುಂಟು, ಅದೇ ಮಜಾ. ವೋಲ್ಟ್‌ಮೀಟರಿನ ಹಸಿರು ಅಂಕಿ ನೋಡುತ್ತ ಸುಮ್ನೆ ಕೂತಿರಿ. 12.6 ಇರುತ್ತದೆ. ಕಂಪ್ರೆಸರ್ ಒಮ್ಮೆ ನಡುಗಿ ಗುರ್ ಅಂದ ತಕ್ಷಣ 12.4. ಇದು ಬ್ಯಾಟರಿ ಪಕ್ಕದ ಲೆಕ್ಕ. ಅಲ್ಲಿಂದ ವ್ಯಾನಿನ ಹಿಂಬದಿಯ ಸಿಗರೇಟ್ ಲೈಟರ್ ಸಾಕೆಟ್ಟಿನ ತನಕ ಸಣಕಲು ವೈರ್ ಎಳೆದಿದ್ದರೆ ಇನ್ನೂ ಅರ್ಧ ವೋಲ್ಟ್ ದಾರಿಯಲ್ಲೇ ಸೋರಿಹೋಗಿರುತ್ತದೆ. ಪಾಪ, ಫ್ರಿಜ್ಜಿಗೇನು ಗೊತ್ತು? ಬ್ಯಾಟರಿಯೇ ಖಾಲಿ ಅಂದುಕೊಂಡು ಆಫ್ ಆಗಿಬಿಡುತ್ತದೆ, ಎಷ್ಟು ವೋಲ್ಟಿಗೆ ಇಳಿದರೆ ಆಫ್ ಆಗಬೇಕು ಅನ್ನುವ ಕಟ್-ಆಫ್ ಅನ್ನು 'ಹೈ'ನಲ್ಲಿ ಇಟ್ಟಿದ್ದರಂತೂ ಇನ್ನೂ ಬೇಗ. ಜನ ಇನ್ನೊಂದು ಬ್ಯಾಟರಿ ತರಲು ಓಡುತ್ತಾರೆ. ಮೊದಲು ಆ ಪ್ಲಗ್ಗನ್ನು ಮುಟ್ಟಿ ನೋಡಿ ಸ್ವಾಮಿ! ಬೆಚ್ಚಗಿದ್ದರೆ ಕರೆಂಟು ಪೋಲಾಗುತ್ತಿರುವುದು ಅಲ್ಲೇ. ದಪ್ಪ ವೈರು, ಗಟ್ಟಿ ಕನೆಕ್ಟರ್ ಹಾಕಿಸಿದರೆ ಅರ್ಧ ರೋಗ ವಾಸಿ.

ಈಗ ಎಲ್ಲರ ಬಾಯಲ್ಲೂ ಲಿಥಿಯಂ. ತೂಕ ಅರ್ಧದಷ್ಟೂ ಇಲ್ಲ, 100ರಲ್ಲಿ 80 ಧೈರ್ಯವಾಗಿ ಬಳಸಬಹುದು. ಆದರೆ ವೋಲ್ಟ್‌ಮೀಟರ್ ನೋಡುವ ಚಟ ಇರುವವರಿಗೆ ನಿರಾಸೆ, ಹೆಚ್ಚುಕಡಿಮೆ ಖಾಲಿಯಾಗುವ ತನಕ ಅದು 13ರ ಆಸುಪಾಸಿನಲ್ಲೇ ನಿಂತಿರುತ್ತದೆ. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡುವ ಹಾಗೂ ಇಲ್ಲ. ಸ್ಕಾಟ್ಲೆಂಡಿನ ಜನವರಿಯಲ್ಲಿ ಇದು ತಮಾಷೆಯ ಮಾತಲ್ಲ, ಚಾವಣಿ ಮೇಲಿನ ಸೋಲಾರ್ ಪ್ಯಾನಲ್ಲೂ ಆಗ ನಾಮಕಾವಸ್ತೆ. ಅಷ್ಟು ಚಳಿಯಲ್ಲಿ ಫ್ರಿಜ್ ಓಡೋದೂ ಕಮ್ಮಿ ಅನ್ನೋದೊಂದೇ ಸಮಾಧಾನ.

ಬ್ಯಾಟರಿಗಿಂತ ಅಗ್ಗದ ಉಪಾಯವೂ ಇದೆ. ಹೊರಡುವ ಹಿಂದಿನ ರಾತ್ರಿಯೇ ಮನೆಯ ಕರೆಂಟಿನಲ್ಲಿ ಫ್ರಿಜ್ಜನ್ನು ತಣ್ಣಗೆ ಮಾಡಿ. ಮೊಸರು, ದೋಸೆ ಹಿಟ್ಟು, ಹಾಲು ಎಲ್ಲ ತಣ್ಣಗಾಗಿಯೇ ಒಳಗೆ ಹೋಗಲಿ. ಜಾಗ ಖಾಲಿ ಬಿಡಬೇಡಿ, ನೀರಿನ ಬಾಟಲಿಯಾದರೂ ತುರುಕಿ. ನಮ್ಮ ಜನ ಉಳಿದ ಸಾರನ್ನು ಬಿಸಿಬಿಸಿಯಾಗೇ ಡಬ್ಬಿಗೆ ಹಾಕಿ ಫ್ರಿಜ್ಜಿಗೆ ತಳ್ಳುತ್ತಾರೆ, ಹೊರಗೆ ಬೆಟ್ಟ-ಸರೋವರಗಳ ನಾಡಾದ ಲೇಕ್ ಡಿಸ್ಟ್ರಿಕ್ಟಿನ ತಣ್ಣನೆ ಗಾಳಿ ಅದೇ ಕೆಲಸವನ್ನು ಪುಕ್ಕಟೆ ಮಾಡಿಕೊಡಲು ಕಾದಿರುವಾಗ.